ಹೆಸರು ಸಿಗದ ಬ್ಯಾಕ್ಟೀರಿಯಾ: ಮಾವನವರ ರಕ್ತದಲ್ಲಿ ಬೆಳೆದದ್ದೇನು?

ಓದುಗರ ಪ್ರಶ್ನೆ: ನಮ್ಮ ಮಾವನವರಿಗೆ 67 ವರ್ಷ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮನೆ ವಿಜಯನಗರದಲ್ಲಿದ್ದರೂ ವಾರಕ್ಕೆರಡು ಸಲ ಮಾಗಡಿ ಕಡೆಯ ತೋಟಕ್ಕೆ ಹೋಗಿಬಂದರೇ ಅವರಿಗೆ ಸಮಾಧಾನ. ಕಳೆದ ಮಳೆಗಾಲದಲ್ಲಿ ಅಲ್ಲಿ ಕಾಲಿಗೆ ಮುಳ್ಳು ಚುಚ್ಚಿ, ಕೀವಾಗಿ, ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿಸಿದೆವು. ಮೊದಲು ಕೊಟ್ಟ ಮೆರೊಪೆನೆಮ್ ಎಂಬ ದುಬಾರಿ ಇಂಜೆಕ್ಷನ್‌ಗೆ ಮೂರು ದಿನವಾದರೂ ಜ್ವರ ಇಳಿಯಲಿಲ್ಲ. ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಪರೀಕ್ಷೆಯ ರಿಪೋರ್ಟು ಬಂದ ಮೇಲೆ ಔಷಧ ಬದಲಿಸಿದರು, ಇಳಿಯಿತು. ಈಗ ಆರಾಮಾಗಿದ್ದಾರೆ. ಆ ರಿಪೋರ್ಟಿನಲ್ಲಿ 'ಕ್ರೈಸಿಯೋಬ್ಯಾಕ್ಟೀರಿಯಂ, ಪ್ರಭೇದ ಗುರುತಾಗಿಲ್ಲ' ಎಂದಿತ್ತು. ನಾಲ್ಕು ತಿಂಗಳಾದ ಮೇಲೆ ಲ್ಯಾಬಿನಿಂದ ಫೋನ್ ಬಂತು. ಜೀನ್ ಪರೀಕ್ಷೆಯಲ್ಲಿ ಹತ್ತಿರದ ಸಂಬಂಧಿಗೂ ಇದಕ್ಕೂ ಶೇ 97.8 ಮಾತ್ರ ಹೋಲಿಕೆಯಂತೆ, ಹೊಸ ಪ್ರಭೇದವೇ ಇರಬಹುದಂತೆ. ಅದರ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎ ಓದಿಸಿ, ಪುಣೆಗೂ ಜರ್ಮನಿಗೂ ಕಳಿಸಿ, ಹೆಸರಿಡುತ್ತೇವೆ, ಒಪ್ಪಿಗೆ ಪತ್ರಕ್ಕೆ ಸಹಿ ಬೇಕು ಅನ್ನುತ್ತಿದ್ದಾರೆ. ನೆಂಟರ ಕಿವಿಗೆ ಬಿದ್ದು 'ಯಾವುದೋ ಹೊಸ ರೋಗ' ಎಂದು ಸುದ್ದಿಯಾಗಿದೆ. ಮೊದಲ ಮೂರು ದಿನ ತಪ್ಪು ಔಷಧ ಕೊಟ್ಟರೇ? ನಮ್ಮ ರಕ್ತವನ್ನು ಹೊರದೇಶಕ್ಕೆ ಮಾರುತ್ತಾರೆಯೇ? ಸಹಿ ಹಾಕದಿದ್ದರೆ ಮುಂದೆ ಚಿಕಿತ್ಸೆಗೆ ತೊಂದರೆಯಾಗುತ್ತದೆಯೇ? ಮಾವನವರಂತೂ 'ಅದಕ್ಕೆ ನನ್ನ ಹೆಸರೇ ಇಡ್ತಾರಾ ಕೇಳಮ್ಮ' ಅನ್ನುತ್ತಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ನನ್ನ ಭಯವೆಲ್ಲ ಅವಳದು. (ಹೆಸರು ಬೇಡ)

ಉತ್ತರ: ನೀವು ಕೊನೆಯಲ್ಲಿ ಬರೆದ ಸಾಲಿನಿಂದಲೇ ಶುರು ಮಾಡುತ್ತೇನೆ. ಮಗಳ ಬಗ್ಗೆ ಭಯ ಬೇಡ. ಕ್ರೈಸಿಯೋಬ್ಯಾಕ್ಟೀರಿಯಂ ಕುಲದ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿ, ನೀರಿನಲ್ಲಿ, ಗಿಡದ ಬೇರಿನ ಸುತ್ತ ಬದುಕುವಂಥವು. ಫ್ಲೂ ಅಥವಾ ಟಿಬಿಯ ಹಾಗೆ ಕೆಮ್ಮಿನಿಂದಲೋ ಒಟ್ಟಿಗೆ ಕೂತು ಉಂಡದ್ದರಿಂದಲೋ ಒಬ್ಬರಿಂದೊಬ್ಬರಿಗೆ ಹರಡುವ ಸ್ವಭಾವ ಇವಕ್ಕಿಲ್ಲ. ತೋಟದ ಮಣ್ಣಲ್ಲಿ ಆಡಿ ಬಂದ ಯಾವ ಮಗುವಿನ ಕೈಯಲ್ಲೂ ಇವುಗಳ ಬಳಗ ಇದ್ದೀತು. ಆರೋಗ್ಯವಾಗಿರುವ ಮೈಗೆ ಇವು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ತೊಂದರೆ ಬರುವುದು ದಿನ ತುಂಬದೆ ಹುಟ್ಟಿದ ಕೂಸುಗಳಿಗೆ, ಐಸಿಯುನಲ್ಲಿ ನಳಿಕೆ ಹಾಕಿಸಿಕೊಂಡು ಮಲಗಿದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ. ಮಾವನವರ ವಿಷಯದಲ್ಲಿ ಬಾಗಿಲು ತೆರೆದದ್ದು ಮುಳ್ಳು, ತೆರೆದೇ ಇರುವಂತೆ ಮಾಡಿದ್ದು ಸಕ್ಕರೆ ಕಾಯಿಲೆ.

ಇನ್ನು ನೆಂಟರ ಬಾಯಿಗೆ ಬಿದ್ದ 'ಹೊಸ ರೋಗ'. ರೋಗ ಹೊಸದಲ್ಲ. ಗಾಯದ ಮೂಲಕ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಬರುವ ಚಳಿಜ್ವರ ವೈದ್ಯರಿಗೆ ತಲೆಮಾರುಗಳಿಂದ ಗೊತ್ತು. ಬ್ಯಾಕ್ಟೀರಿಯಾ ಕೂಡ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ನಿಮ್ಮ ತೋಟಕ್ಕೆ ಬೇಲಿ ಬೀಳುವುದಕ್ಕೆ ಎಷ್ಟೋ ಮೊದಲೇ ಆ ಮಣ್ಣಲ್ಲಿ ಅದು ಇದ್ದಿರಬೇಕು. ಹೊಸತಾಗಿರುವುದು ನಮ್ಮ ತಿಳಿವಳಿಕೆ, ಅಷ್ಟೆ. ಬ್ಯಾಕ್ಟೀರಿಯಾ ಜಗತ್ತಿನಲ್ಲಿ ಇವತ್ತಿಗೆ ನಿಯಮದ ಪ್ರಕಾರ ಹೆಸರು ಪಡೆದಿರುವುದು ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟು ಪ್ರಭೇದಗಳು. ಹೆಸರಿಲ್ಲದೆ ಉಳಿದಿರುವವು ಅದರ ಎಷ್ಟೋ ಪಟ್ಟು. ಹೆಸರಿಲ್ಲ ಎಂಬ ಕಾರಣಕ್ಕೆ ಒಂದು ಬ್ಯಾಕ್ಟೀರಿಯಾ ಹೆಚ್ಚು ಅಪಾಯಕಾರಿ ಆಗುವುದಿಲ್ಲ. ಕಾಲರಾ, ಟೈಫಾಯ್ಡ್, ಟಿಬಿಯಂಥ ದೊಡ್ಡ ರೋಗಗಳನ್ನು ತರುವವೆಲ್ಲ ಹಳೆಯ ಹೆಸರಿನವೇ.

ಮೊದಲ ಮೂರು ದಿನದ ಔಷಧದ ಬಗ್ಗೆ ನಿಮ್ಮ ಮನಸ್ಸಿನಲ್ಲಿ ಒಂದು ಕಹಿ ಉಳಿದಿದೆ. ಅದನ್ನು ಬಿಡಿಸಿ ಹೇಳಬೇಕು. ಸಕ್ಕರೆ ಕಾಯಿಲೆಯವರು ಚಳಿಜ್ವರ, ಕಾಲಿನ ಕೀವು ಅಂತ ಬಂದಾಗ ಕಲ್ಚರ್ ರಿಪೋರ್ಟು ಬರುವವರೆಗೆ ಕಾಯುವ ಹಾಗಿಲ್ಲ, ಕಾದರೆ ಜೀವ ಹೋಗಬಹುದು. ರಕ್ತ ತೆಗೆದುಕೊಂಡು ಬಾಟಲಿಗೆ ಹಾಕಿ, ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳನ್ನು ಹಿಡಿಯುವ ಔಷಧವನ್ನು ಕೂಡಲೇ ಶುರು ಮಾಡುವುದು ಸರಿಯಾದ ಕ್ರಮ. ಮೆರೊಪೆನೆಮ್ ಅಂಥ ಔಷಧ. ಆದರೆ ಕ್ರೈಸಿಯೋಬ್ಯಾಕ್ಟೀರಿಯಂ ಬಳಗಕ್ಕೆ ಅದನ್ನು ಒಡೆದುಹಾಕುವ ಕಿಣ್ವ ಹುಟ್ಟಿನಿಂದಲೇ ಇರುತ್ತದೆ. ಆಸ್ಪತ್ರೆಗೆ ಬಂದು ಕಲಿತದ್ದಲ್ಲ, ಅದರ ಸ್ವಂತ ಜೀನೋಮಿನಲ್ಲೇ ಇರುವುದು. ಕೊನೆಯ ಅಸ್ತ್ರ ಎಂದು ನಾವು ಇಟ್ಟುಕೊಂಡಿರುವ ಕೊಲಿಸ್ಟಿನ್ ಕೂಡ ಇವುಗಳ ಮೇಲೆ ನಡೆಯುವುದಿಲ್ಲ. ಅದೇ ಹೊತ್ತಿಗೆ ಮಿನೊಸೈಕ್ಲಿನ್, ಕೋಟ್ರೈಮಾಕ್ಸಜೋಲ್, ಲಿವೊಫ್ಲಾಕ್ಸಸಿನ್‌ನಂಥ ಹಳೆಯ, ಅಗ್ಗದ ಔಷಧಗಳಿಗೆ ಎಷ್ಟೋ ಸಲ ಬಗ್ಗುತ್ತವೆ.

ಹಾಗಾಗಿ ನಿಮ್ಮ ವೈದ್ಯರಿಗೆ ಬೇಕಾಗಿದ್ದದ್ದು ಕುಲದ ಹೆಸರು, ಅಂದರೆ ಎರಡು ಭಾಗದ ಹೆಸರಿನಲ್ಲಿ ಮೊದಲನೆಯದು. ಅದು ಸಿಕ್ಕಿತು. ಅದರ ಜೊತೆಗೆ ಯಾವ ಔಷಧ ಎಷ್ಟು ಪ್ರಮಾಣದಲ್ಲಿ ಇದರ ಬೆಳವಣಿಗೆ ತಡೆಯುತ್ತದೆ ಎಂಬ ಪರೀಕ್ಷೆಯೂ ಆಯಿತು. ಔಷಧ ಬದಲಾಯಿತು, ಜ್ವರ ಇಳಿಯಿತು. ಪ್ರಭೇದದ ಹೆಸರು, ಅಂದರೆ ಎರಡನೆಯ ಭಾಗ, ಚಿಕಿತ್ಸೆಗೆ ಆಗ ಬೇಕಿರಲಿಲ್ಲ. ಈಗಲೂ ಬೇಕಿಲ್ಲ. ಈ ಕುಲಕ್ಕೆಂದೇ ಪ್ರತ್ಯೇಕ ಮಾನದಂಡಗಳಿಲ್ಲದ ಕಾರಣ ಔಷಧದ ಫಲಿತಾಂಶ ಓದುವಾಗ ವೈದ್ಯರೂ ಲ್ಯಾಬಿನವರೂ ಕೂತು ಮಾತಾಡಿ ನಿರ್ಧರಿಸಬೇಕಾಗುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಹಾಗೆ ಮಾತಾಡಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಇಲ್ಲದಿದ್ದರೆ ಅಷ್ಟು ಸರಿಯಾಗಿ ಔಷಧ ಬದಲಾಗುತ್ತಿರಲಿಲ್ಲ.

ಹಾಗಾದರೆ 'ಗುರುತಾಗಿಲ್ಲ' ಎಂದು ಬರೆದದ್ದೇಕೆ? ಈಗ ಬೆಂಗಳೂರಿನ ದೊಡ್ಡ ಲ್ಯಾಬುಗಳಲ್ಲಿ ಮಾಲ್ಡಿ-ಟಾಫ್ ಎಂಬ ಯಂತ್ರವಿದೆ. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಒಂದು ಚುಕ್ಕೆಯನ್ನು ಲೋಹದ ಫಲಕಕ್ಕೆ ಸವರಿ, ಮೇಲೊಂದು ದ್ರಾವಣ ಹಾಕಿ ಒಳಗಿಟ್ಟರೆ, ಲೇಸರ್ ಬಡಿದು ಅದರ ಪ್ರೋಟೀನುಗಳು ಒಂದು ಕೊಳವೆಯಲ್ಲಿ ಹಾರುತ್ತವೆ. ಹಗುರವಾದವು ಮೊದಲು ಮುಟ್ಟುತ್ತವೆ, ಭಾರದವು ಆಮೇಲೆ. ಹೀಗೆ ಮೂಡುವ ಗೆರೆಗಳ ವಿನ್ಯಾಸವನ್ನು ಯಂತ್ರ ತನ್ನ ಭಂಡಾರದಲ್ಲಿರುವ ವಿನ್ಯಾಸಗಳೊಂದಿಗೆ ಹೋಲಿಸಿ ಅಂಕ ಕೊಡುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ಯಂತ್ರದಲ್ಲಿ 2.0 ಅಥವಾ ಅದಕ್ಕೂ ಮೇಲೆ ಬಂದರೆ ಪ್ರಭೇದದ ಹೆಸರನ್ನು ನಂಬಬಹುದು. 1.7ರಿಂದ 2.0ರ ನಡುವೆ ಇದ್ದರೆ ಕುಲ ಮಾತ್ರ. ಅದಕ್ಕೂ ಕೆಳಗಿದ್ದರೆ ನಂಬುವ ಹಾಗಿಲ್ಲ. ಕೆಲವೇ ನಿಮಿಷದ ಕೆಲಸ. ನಾನು ಲ್ಯಾಬಿನ ಈ ವೃತ್ತಿಗೆ ಬಂದಾಗ ಎರಡು ಮೂರು ದಿನ ಸಕ್ಕರೆ ದ್ರಾವಣಗಳ ಬಣ್ಣ ನೋಡುತ್ತಾ ಕೂರಬೇಕಿತ್ತು.

ಯಂತ್ರ ಹೇಳುವುದು ತನ್ನ ಭಂಡಾರದಲ್ಲಿ ಇರುವುದನ್ನು ಮಾತ್ರ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಆ ಮನುಷ್ಯ ಈ ಊರಿನವನೇ ಅಲ್ಲ ಎನ್ನಲಾಗದು. ಯಂತ್ರ ಗುರುತಿಸದ ನೂರು ಬ್ಯಾಕ್ಟೀರಿಯಾ ನನ್ನ ಮೇಜಿಗೆ ಬಂದರೆ ಹೆಚ್ಚಿನವು ಹೊಸವಾಗಿರುವುದಿಲ್ಲ. ತಟ್ಟೆಯಲ್ಲಿ ಎರಡು ಬಗೆ ಬೆರೆತಿರುತ್ತವೆ, ಇಲ್ಲವೇ ಪಟ್ಟಿ ಹಳೆಯದಾಗಿರುತ್ತದೆ, ಇಲ್ಲವೇ ಬೇರೆಲ್ಲೋ ಯಾರೋ ಈಗಾಗಲೇ ಹೆಸರಿಟ್ಟಿರುತ್ತಾರೆ. ಮಂಗಳೂರು, ಉಡುಪಿ ಕಡೆಯಿಂದ ಬರುವ ರೋಗಿಗಳಲ್ಲಿ ಕಾಣುವ, ಮಣ್ಣಿನಿಂದ ಬರುವ ಮೆಲಿಯೊಯ್ಡೋಸಿಸ್ ಎಂಬ ಸೋಂಕಿನ ಕತೆಯೂ ಹೀಗೇ. ಅದರ ಬ್ಯಾಕ್ಟೀರಿಯಾ ನೂರು ವರ್ಷಕ್ಕೂ ಹಿಂದೆ ರಂಗೂನಿನಲ್ಲಿ ಪತ್ತೆಯಾದದ್ದು. ಆದರೂ ಅದರ ವಿನ್ಯಾಸ ಭಂಡಾರದಲ್ಲಿ ಇಲ್ಲದ ಯಂತ್ರ ಅದನ್ನು ಅದರ ಸಾಧು ಸಂಬಂಧಿಯಾದ ಥೈಲ್ಯಾಂಡೆನ್ಸಿಸ್ ಎಂದು ಕರೆದುಬಿಡುತ್ತದೆ. ಮಳೆಗಾಲ, ಸಕ್ಕರೆ ಕಾಯಿಲೆ, ಮಣ್ಣಿನ ಗಾಯ ಎಂದು ಕೇಳಿದ ತಕ್ಷಣ ನನಗೂ ಮೊದಲು ನೆನಪಾದದ್ದು ಅದೇ. ನಿಮ್ಮ ರಿಪೋರ್ಟು ಆ ಸಂಶಯಕ್ಕೆ ಜಾಗ ಬಿಟ್ಟಿಲ್ಲ.

ಅದಕ್ಕೇ ನಿಮ್ಮ ಲ್ಯಾಬಿನವರು ಎರಡನೇ ಮೆಟ್ಟಿಲು ಹತ್ತಿದ್ದಾರೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ 16ಎಸ್ ಎಂಬ ಒಂದು ಜೀನ್ ಇರುತ್ತದೆ, ಡಿಎನ್‌ಎಯ ಸುಮಾರು 1,500 ಅಕ್ಷರಗಳದ್ದು. ಪ್ರೋಟೀನು ತಯಾರಿಸುವ ರೈಬೋಸೋಮಿಗೆ ಸೇರಿದ್ದು ಇದು. ಕೆಟ್ಟರೆ ಬ್ಯಾಕ್ಟೀರಿಯಾ ಬದುಕುವುದಿಲ್ಲ, ಆದ್ದರಿಂದ ಬಹಳ ನಿಧಾನವಾಗಿ ಬದಲಾಗುತ್ತದೆ. ಈ ಜೀನಿನ ಜಾಡು ಹಿಡಿದೇ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಜೀವಿಗಳ ವಂಶವೃಕ್ಷಕ್ಕೆ ಮೂರನೆಯ ದೊಡ್ಡ ಕೊಂಬೆಯೊಂದಿದೆ ಎಂದು ತೋರಿಸಿದರು. ಶೇ 97.8 ಹೋಲಿಕೆ ಎಂದರೆ ಆ 1,500 ಅಕ್ಷರಗಳಲ್ಲಿ ಸುಮಾರು 33 ಅಕ್ಷರ ಬೇರೆ. ಇವತ್ತು ಬಹುಪಾಲು ತಜ್ಞರು ಒಪ್ಪುವ ಗಡಿ ಶೇ 98.65. ಅದಕ್ಕಿಂತ ಕೆಳಗಿದ್ದರೆ ಬೇರೆ ಪ್ರಭೇದವೆಂದು ಅನುಮಾನಿಸಲು ಒಳ್ಳೆಯ ಕಾರಣವಿದೆ. ಅನುಮಾನಿಸಲು ಎಂದೇ ಹೇಳುತ್ತಿದ್ದೇನೆ, ಇದು ತೀರ್ಪಲ್ಲ. ಸಾರ್ವಜನಿಕ ಜೀನ್ ಭಂಡಾರಗಳಲ್ಲಿ ತಪ್ಪು ಹೆಸರಿನ ದಾಖಲೆಗಳು ಬೇಕಾದಷ್ಟಿವೆ. ಸಿಕ್ಕಸಿಕ್ಕ ದಾಖಲೆಯ ಜೊತೆ ಹೋಲಿಸದೆ, ಪ್ರತಿ ಪ್ರಭೇದದ ಅಧಿಕೃತ ಮಾದರಿ ತಳಿಯ (ಆ ಹೆಸರಿಗೆ ಆಧಾರವಾಗಿ ಕಾಪಾಡಿಟ್ಟ ಬ್ಯಾಕ್ಟೀರಿಯಾದ) ಜೊತೆ ಹೋಲಿಸಿದಾಗ ಬಂದ ಅಂಕಿ ಇದೇನಾ ಎಂದು ನೀವು ಕೇಳಬಹುದು. ಲ್ಯಾಬಿನವರು ಈ ಪ್ರಶ್ನೆ ಕೇಳಿ ಸಂತೋಷಪಡುತ್ತಾರೆ.

ತೀರ್ಪು ಕೊಡುವುದು ಪೂರ್ತಿ ಜೀನೋಮ್. ಎರಡು ಬ್ಯಾಕ್ಟೀರಿಯಾಗಳ ಜೀನೋಮನ್ನು ಸಾವಿರ ಅಕ್ಷರಗಳಷ್ಟುದ್ದದ ತುಂಡುಗಳಾಗಿ ಮಾಡಿ, ಒಂದರ ತುಂಡಿಗೆ ಇನ್ನೊಂದರಲ್ಲಿ ಜೋಡಿ ಹುಡುಕಿ, ಸರಾಸರಿ ಎಷ್ಟು ಅಕ್ಷರ ಹೊಂದುತ್ತವೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಶೇ 95-96ಕ್ಕಿಂತ ಕೆಳಗಿದ್ದರೆ ಬೇರೆ ಪ್ರಭೇದ. ಈ ಗಡಿ ಹಿಂದಿನ ಒಂದು ಗಡಿಗೆ ಹೊಂದಿಕೊಂಡು ಬಂದದ್ದು. 1987ರಲ್ಲಿ ತಜ್ಞರ ಸಮಿತಿಯೊಂದು, ಎರಡು ಬ್ಯಾಕ್ಟೀರಿಯಾಗಳ ಡಿಎನ್‌ಎ ಎಳೆಗಳನ್ನು ಬೆರೆಸಿದಾಗ ಶೇ 70 ಅಥವಾ ಹೆಚ್ಚು ಬೆಸೆದುಕೊಂಡರೆ ಒಂದೇ ಪ್ರಭೇದ ಎಂದು ನಿಗದಿ ಮಾಡಿತ್ತು. ಈಗ ಬೆರೆಸುವ ಕೆಲಸವನ್ನೂ ಕಂಪ್ಯೂಟರೇ ಲೆಕ್ಕದಲ್ಲಿ ಮಾಡುತ್ತದೆ. ಶೇ 95 ಎಂದರೆ ಎಷ್ಟು ಸಡಿಲ ಎಂದು ತಿಳಿಯಲು ಒಂದು ಹೋಲಿಕೆ ಸಾಕು. ಮನುಷ್ಯನಿಗೂ ಚಿಂಪಾಂಜಿಗೂ ಹೋಲಿಸಬಹುದಾದ ಡಿಎನ್‌ಎಯಲ್ಲಿ ಸುಮಾರು ಶೇ 99 ಹೊಂದುತ್ತದೆ. ಬ್ಯಾಕ್ಟೀರಿಯಾದ ಅಳತೆಗೋಲು ಹಿಡಿದರೆ ನಾವಿಬ್ಬರೂ ಒಂದೇ ಪ್ರಭೇದ.

ಪ್ರಭೇದ ಎಂಬುದು ಪ್ರಕೃತಿ ಎಳೆದ ಗೆರೆಯಲ್ಲ, ನಮ್ಮ ಅನುಕೂಲಕ್ಕೆ ನಾವು ಎಳೆದುಕೊಂಡದ್ದು. ಇದಕ್ಕೆ ಬೆಂಗಳೂರಿಗೇ ಸಂಬಂಧಿಸಿದ ಸಾಕ್ಷಿಯೊಂದಿದೆ. 1898ರಲ್ಲಿ ಈ ಊರಿಗೆ ಪ್ಲೇಗ್ ಬಂತು. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಅದಕ್ಕೆ ನಾಲ್ಕು ವರ್ಷ ಮೊದಲು ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಪ್ಲೇಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ್ದರು. ಇಂದು ಅದು ಅವರ ಹೆಸರಿನಲ್ಲೇ ಯೆರ್ಸಿನಿಯ ಪೆಸ್ಟಿಸ್ ಆಗಿದೆ. ಡಿಎನ್‌ಎ ಲೆಕ್ಕದಲ್ಲಿ ನೋಡಿದರೆ ಇದು, ಹೊಟ್ಟೆನೋವು ತರುವ ಯೆರ್ಸಿನಿಯ ಸೂಡೊಟ್ಯೂಬರ್ಕ್ಯುಲೋಸಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದೊಳಗೇ ಸೇರಬೇಕು. ಸೇರಿಸೋಣ ಎಂಬ ಪ್ರಸ್ತಾಪವೂ ಬಂತು. ನಾಮಕರಣದ ನಿಯಮಗಳ ನ್ಯಾಯ ಸಮಿತಿ 1985ರಲ್ಲಿ ಬೇಡ ಎಂದಿತು. ಎರಡಕ್ಕೂ ಒಂದೇ ಹೆಸರಾದರೆ ರಿಪೋರ್ಟು ಓದಿದ ವೈದ್ಯರು ಪ್ಲೇಗನ್ನು ಹೊಟ್ಟೆನೋವೆಂದುಕೊಂಡಾರು, ಜೀವಕ್ಕೆ ಅಪಾಯವಾದೀತು ಎಂಬುದು ಕಾರಣ. ಲೆಕ್ಕಕ್ಕಿಂತ ರೋಗಿಯ ಜೀವ ದೊಡ್ಡದೆಂದು ಆ ಸಮಿತಿ ತೀರ್ಮಾನಿಸಿದ್ದು ನನಗೆ ಇವತ್ತಿಗೂ ಬಹಳ ಗೌರವದ ಸಂಗತಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಚಿಕಿತ್ಸೆಗೆ ಬೇಡದ ಹೆಸರಿಗಾಗಿ ಇಷ್ಟೆಲ್ಲ ಓಡಾಟ ಏಕೆ? ಮುಂದಿನ ರೋಗಿಗಾಗಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಮ್ಮ ಲ್ಯಾಬಿಗೆ ಒಬ್ಬ ಅಜ್ಜಿಯ ರಕ್ತ ಬಂತು. ಎರಡು ದಿನಕ್ಕೆ ತಟ್ಟೆಯ ಮೇಲೆ ಅರಿಶಿನ ಬಣ್ಣದ ಸಣ್ಣ ಸಣ್ಣ ಗುಂಡುಗಳು ಎದ್ದವು. ಆಗಿನ ನಮ್ಮ ಕಿಟ್‌ಗಳಲ್ಲಿ ಯಾವ ಹೆಸರಿಗೂ ಹೊಂದಲಿಲ್ಲ. 'ಗುರುತಾಗಿಲ್ಲ' ಎಂದು ಬರೆದು ಕಳಿಸಿದೆವು. ಬ್ಯಾಕ್ಟೀರಿಯಾವನ್ನು, ಅದು ಬೆಳೆಯಲು ಬೇಕಾದ ಅಗರ್ ಎಂಬ ಜೆಲ್ಲಿ ತುಂಬಿದ ಒಂದು ನಳಿಗೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಮೈನಸ್ 80 ಡಿಗ್ರಿಯ ಫ್ರೀಜರ್ ನಮ್ಮಲ್ಲಿರಲಿಲ್ಲ, ಇದ್ದಲ್ಲಿಗೆ ಕಳಿಸಬೇಕೆಂದು ನನಗೂ ತೋಚಲಿಲ್ಲ. ಅಜ್ಜಿ ಉಳಿಯಲಿಲ್ಲ. ಎರಡು ವರ್ಷದ ಮೇಲೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಒಬ್ಬರ ರಕ್ತದಲ್ಲಿ ಅದೇ ಅರಿಶಿನ ಬಣ್ಣ ಕಂಡಿತು. ಓಡಿಹೋಗಿ ಹಳೆಯ ನಳಿಗೆ ತೆಗೆದೆ. ಅಗರ್ ಒಣಗಿ ಗಾಜಿಗೆ ಅಂಟಿಕೊಂಡಿತ್ತು. ಎಷ್ಟು ಸಲ ಬೆಳೆಸಲು ನೋಡಿದರೂ ಏನೂ ಬರಲಿಲ್ಲ. ಎರಡೂ ಒಂದೇ ಆಗಿತ್ತೇ, ಅಜ್ಜಿಗೆ ಕೊಟ್ಟದ್ದರಲ್ಲಿ ಯಾವ ಔಷಧ ಕೈಕೊಟ್ಟಿತು ಎಂಬುದು ಎರಡನೆಯವರಿಗೆ ಉಪಯೋಗಕ್ಕೆ ಬರುತ್ತಿತ್ತೇ, ಯಾವುದನ್ನೂ ಹೇಳಲು ಆಗಲಿಲ್ಲ. ಆ ನಳಿಗೆಯನ್ನು ಬಿಸಾಡಲು ಕೈ ಬಾರದೆ ಬಹಳ ದಿನ ಮೇಜಿನ ಮೇಲಿಟ್ಟುಕೊಂಡಿದ್ದೆ.

ಇದೇ ಬಳಗದ ಇನ್ನೊಂದು ಕತೆ ಇದಕ್ಕೆ ತದ್ವಿರುದ್ಧ. ಅಮೆರಿಕದ ಸಿಡಿಸಿ ಎಂಬ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಎಲಿಜಬೆತ್ ಕಿಂಗ್ ಎಂಬ ಬ್ಯಾಕ್ಟೀರಿಯಾ ತಜ್ಞೆ ಇದ್ದರು. ಬೇರೆ ಲ್ಯಾಬುಗಳು ಗುರುತಿಸಲಾಗದೆ ಕಳಿಸಿದ ಬ್ಯಾಕ್ಟೀರಿಯಾಗಳು ಅವರ ಮೇಜಿಗೆ ಬರುತ್ತಿದ್ದವು. ಹೆಸರಿಡಲು ಆಧಾರ ಸಾಲದಿದ್ದರೆ ಗುಂಪಿನ ಗುರುತು ಕೊಟ್ಟು ಎತ್ತಿಡುತ್ತಿದ್ದರು, ಎಸೆಯುತ್ತಿರಲಿಲ್ಲ. ಆ ಸಂಸ್ಥೆಯ 'ಎರಡು-ಬಿ ಗುಂಪು' ಎಂಬುದೇ ಇಂದಿನ ಕ್ರೈಸಿಯೋಬ್ಯಾಕ್ಟೀರಿಯಂ ಇಂಡೊಲೊಜೀನಿಸ್ ಮತ್ತು ಅದರ ಒಡಹುಟ್ಟು. ಹಸುಗೂಸುಗಳಿಗೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ತರುತ್ತಿದ್ದ ಒಂದು ಬ್ಯಾಕ್ಟೀರಿಯಾವನ್ನು 1959ರಲ್ಲಿ ಅವರು ವಿವರಿಸಿ ಹೆಸರಿಟ್ಟರು. ಅದು 1994ರಲ್ಲಿ ಕ್ರೈಸಿಯೋಬ್ಯಾಕ್ಟೀರಿಯಂ ಕುಲಕ್ಕೆ ಬಂತು. 2005ರಲ್ಲಿ ಅದಕ್ಕೆ ಪ್ರತ್ಯೇಕ ಕುಲ ಮಾಡಿದಾಗ ಅವರ ಹೆಸರನ್ನೇ ಇಟ್ಟು ಎಲಿಜಬೆತ್‌ಕಿಂಗಿಯ ಎಂದು ಕರೆದರು. 2011ರಲ್ಲಿ ಅನಾಫಿಲಿಸ್ ಸೊಳ್ಳೆಯ ಕರುಳಿನಿಂದ ಸಿಕ್ಕ ಹೊಸ ಪ್ರಭೇದವೊಂದಕ್ಕೆ ಎಲಿಜಬೆತ್‌ಕಿಂಗಿಯ ಅನಾಫಿಲಿಸ್ ಎಂಬ ಹೆಸರು ಬಂತು. ಸೊಳ್ಳೆಯದ್ದು, ಮನುಷ್ಯರಿಗೇನು ಎಂದುಕೊಂಡಿದ್ದರು. ಆ ಹೆಸರು, ಆ ಮಾದರಿ ತಳಿ, ಆ ಜೀನೋಮ್ ಎಲ್ಲರ ಕೈಗೆ ಸಿಕ್ಕ ಮೇಲೆ ಆಸ್ಪತ್ರೆಗಳು ತಮ್ಮ ಫ್ರೀಜರ್ ತೆಗೆದು ಮತ್ತೆ ನೋಡಿದವು. ಹಳೆಯ ಹೆಸರಿನಲ್ಲಿ ದಾಖಲಾಗಿದ್ದ ರೋಗಿಗಳ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ನಿಜವಾಗಿ ಈ ಪ್ರಭೇದವೇ ಆಗಿದ್ದವು. 2015-16ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇದೇ ಬ್ಯಾಕ್ಟೀರಿಯಾ ಅನೇಕರಿಗೆ ಒಟ್ಟಿಗೆ ಬಂದಾಗ ಅದನ್ನು ಗುರುತಿಸಲು ಆದದ್ದು ಹೆಸರಿಟ್ಟು, ಮಾದರಿ ಕಾಪಾಡಿದ್ದರಿಂದ.

ಪುಣೆ, ಜರ್ಮನಿಯ ಸಂಗತಿಯೂ ಇಲ್ಲೇ ಬರುತ್ತದೆ. ಹೊಸ ಪ್ರಭೇದದ ಹೆಸರು ಊರ್ಜಿತವಾಗಬೇಕಾದರೆ ಅದರ ಮಾದರಿ ತಳಿಯನ್ನು ಬೇರೆ ಬೇರೆ ಎರಡು ದೇಶಗಳ ಸಾರ್ವಜನಿಕ ಸಂಗ್ರಹಾಲಯಗಳಲ್ಲಾದರೂ ಇಡಬೇಕು ಎಂಬುದು ಅಂತಾರಾಷ್ಟ್ರೀಯ ನಿಯಮ. ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯಲಿ, ಜಗತ್ತಿನ ಯಾವ ಲ್ಯಾಬಾದರೂ ತರಿಸಿ ಪರೀಕ್ಷಿಸಲಿ ಎಂಬ ಉದ್ದೇಶ. ನಮ್ಮಲ್ಲಿ ಪುಣೆಯ ಎಂಸಿಸಿ, ಚಂಡೀಗಢದ ಎಂಟಿಸಿಸಿ ಇಂಥವು. ಜರ್ಮನಿಯಲ್ಲಿ ಬ್ರೌನ್‌ಶ್ವೈಗ್ ಊರಿನ ಡಿಎಸ್‌ಎಂಜೆಡ್ ಇದೆ. ಅಲ್ಲಿಗೆ ಹೋಗುವುದು ನಿಮ್ಮ ಮಾವನವರ ರಕ್ತವಲ್ಲ. ರಕ್ತದಿಂದ ಬೇರ್ಪಡಿಸಿ, ಮತ್ತೆ ಮತ್ತೆ ತಟ್ಟೆಯ ಮೇಲೆ ಗೀರಿ ಶುದ್ಧ ಮಾಡಿದ ಬ್ಯಾಕ್ಟೀರಿಯಾ, ಒಣಗಿಸಿದ ಪುಡಿಯಾಗಿಯೋ ಹೆಪ್ಪುಗಟ್ಟಿಸಿಯೋ. ಓದಿಸುವ ಜೀನೋಮ್ ಕೂಡ ಬ್ಯಾಕ್ಟೀರಿಯಾದ್ದೇ. ಮಾವನವರ ಡಿಎನ್‌ಎ ಅದರಲ್ಲಿ ಇರುವುದಿಲ್ಲ. ಹೊರದೇಶಕ್ಕೆ ಕಳಿಸುವುದೂ ಯಾರ ಇಷ್ಟಕ್ಕೆ ಬಿಟ್ಟದ್ದಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆ ಇದೆ, ಚೆನ್ನೈನಲ್ಲಿ ಅದರ ರಾಷ್ಟ್ರೀಯ ಪ್ರಾಧಿಕಾರವಿದೆ. ಯಾರಾದರೂ ಅದನ್ನು ಪೇಟೆಂಟ್ ಮಾಡಿ ಕೋಟಿ ಗಳಿಸುತ್ತಾರೆ ಎಂಬ ಮಾತನ್ನೂ ನೆಂಟರು ಹೇಳಿರಬಹುದು. ಪ್ರಕೃತಿಯಲ್ಲಿ ಇರುವ ಜೀವಿಯನ್ನು ಕಂಡುಹಿಡಿದ ಮಾತ್ರಕ್ಕೆ ನಮ್ಮ ದೇಶದ ಪೇಟೆಂಟ್ ಕಾಯ್ದೆಯ 3(ಸಿ) ಸೆಕ್ಷನ್ ಪ್ರಕಾರ ಪೇಟೆಂಟ್ ಸಿಗುವುದಿಲ್ಲ.

ಹೆಸರಿಡಲು ತಿಂಗಳುಗಟ್ಟಲೆ ಹಿಡಿಯುವುದಕ್ಕೂ ಕಾರಣವಿದೆ. ಯಾವ ಉಷ್ಣತೆಯಲ್ಲಿ, ಎಷ್ಟು ಉಪ್ಪಿನಲ್ಲಿ, ಎಷ್ಟು ಹುಳಿಯಲ್ಲಿ ಬೆಳೆಯುತ್ತದೆ, ಅದರ ಪೊರೆಯಲ್ಲಿ ಯಾವ ಕೊಬ್ಬಿನಾಮ್ಲಗಳಿವೆ ಎಂದೆಲ್ಲ ಹತ್ತಿರದ ಸಂಬಂಧಿಗಳ ಮಾದರಿ ತಳಿಗಳನ್ನು ತರಿಸಿ ಪಕ್ಕಪಕ್ಕದಲ್ಲಿ ಬೆಳೆಸಿ ನೋಡಬೇಕು. ಬರೆದದ್ದನ್ನು ಬೇರೆ ತಜ್ಞರು ಒರೆಗೆ ಹಚ್ಚಬೇಕು. ಕೊನೆಗೆ ಅದು ಇದಕ್ಕೆಂದೇ ಇರುವ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಬೇಕು, ಅಥವಾ ಬೇರೆಡೆ ಪ್ರಕಟವಾದರೆ ಆ ಪತ್ರಿಕೆಯ ಮಾನ್ಯತಾ ಪಟ್ಟಿಗೆ ಸೇರಬೇಕು. ಅಲ್ಲಿಯವರೆಗೆ ಅದು ಹೆಸರಲ್ಲ.

ಮಾವನವರ ಪ್ರಶ್ನೆಗೆ ಉತ್ತರ: ಅವರ ಹೆಸರು ಇಡದಿರುವುದೇ ಒಳ್ಳೆಯದು. ಸಂಶೋಧಕರು ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವ ವಾಡಿಕೆಯಿಲ್ಲ. ಬೇರೆಯವರ ಹೆಸರು ಇಡಬಹುದು. ಬೆಕ್ಕು ಪರಚಿದಾಗ ಬರುವ ಜ್ವರದ ಬಾರ್ಟೊನೆಲ್ಲ ಹೆನ್ಸೆಲೇ ಎಂಬ ಬ್ಯಾಕ್ಟೀರಿಯಾಕ್ಕೆ, ಅದನ್ನು ತಟ್ಟೆಯ ಮೇಲೆ ತಾಳ್ಮೆಯಿಂದ ಬೆಳೆಸಿದ ಒಕ್ಲಹಾಮದ ಲ್ಯಾಬ್ ಟೆಕ್ನಾಲಜಿಸ್ಟ್ ಡಯಾನ್ ಹೆನ್ಸೆಲ್ ಅವರ ಹೆಸರಿದೆ. ನಮ್ಮ ಲ್ಯಾಬುಗಳ ಟೆಕ್ನೀಷಿಯನ್ನರಿಗೆ ಇದನ್ನು ನಾನು ಯಾವಾಗಲೂ ಹೇಳುತ್ತೇನೆ. ಆದರೆ ರೋಗಿಯ ಹೆಸರಿಟ್ಟರೆ ಅವರ ಕಾಯಿಲೆ, ಸಕ್ಕರೆ, ಕಾಲಿನ ಹುಣ್ಣು ಎಲ್ಲವೂ ಜಗತ್ತಿನ ವೈದ್ಯಕೀಯ ದಾಖಲೆಯಲ್ಲಿ ಅವರ ಹೆಸರಿಗೇ ಅಂಟಿಕೊಳ್ಳುತ್ತವೆ, ಅವರ ಮೊಮ್ಮಗಳ ಕಾಲಕ್ಕೂ. ಅದನ್ನು ಅವರಿಗೆ ಬಿಡಿಸಿ ಹೇಳಿ.

ಊರಿನ ಹೆಸರು? ಅದು ವಾಡಿಕೆಯಲ್ಲಿದೆ. ಫ್ರಾನ್ಸಿನ ಮಾರ್ಸೆ ನಗರದಲ್ಲಿ ರೋಗಿಯೊಬ್ಬರ ರಕ್ತದಲ್ಲಿ ಸಿಕ್ಕದ್ದಕ್ಕೆ ಆ ನಗರದ ಹಳೆಯ ಲ್ಯಾಟಿನ್ ಹೆಸರನ್ನೂ ಅಲ್ಲಿನ ತಿಮೋನ್ ಆಸ್ಪತ್ರೆಯ ಹೆಸರನ್ನೂ ಸೇರಿಸಿ ಮಸ್ಸಿಲಿಯ ತಿಮೋನೇ ಎಂದರು. ಬೆಂಗಳೂರಾದರೆ 'ಬೆಂಗಳೂರೆನ್ಸೆ' ಎಂದಾಗಬೇಕು. ಬ್ಯಾಕ್ಟೀರಿಯಂ ಎಂಬುದು ಲ್ಯಾಟಿನ್ನಿನಲ್ಲಿ ನಪುಂಸಕ ಲಿಂಗವಾದ್ದರಿಂದ 'ಎನ್ಸಿಸ್' ಬರುವುದಿಲ್ಲ. ಮಾಗಡಿಯ ಹೆಸರಿಗೆ ಮಾತ್ರ ಒಂದು ತೊಡಕಿದೆ. ಕೀನ್ಯಾ ದೇಶದಲ್ಲಿ ಮಾಗಡಿ ಎಂಬ ಹೆಸರಿನದೇ ಉಪ್ಪುಕ್ಷಾರದ ಸರೋವರವೊಂದಿದೆ. ಅಲ್ಲಿ ಸಿಕ್ಕ ಸೂಕ್ಷ್ಮಜೀವಿಗೆ ನ್ಯಾಟ್ರಿಯಾಲ್ಬಾ ಮಾಗಡಿಐ ಎಂದು ಆಗಲೇ ಹೆಸರಾಗಿದೆ. ಕುಲ ಬೇರೆಯಾದ್ದರಿಂದ ನಿಯಮ ತಡೆಯುವುದಿಲ್ಲ, ಆದರೆ ಓದಿದವರು ಆಫ್ರಿಕಾದ್ದೆಂದುಕೊಳ್ಳುತ್ತಾರೆ.

ಊರಿನ ಹೆಸರಿಗೆ ಕಳಂಕ ಬರುತ್ತದೆಯೇ ಎಂಬುದು ಸಣ್ಣ ಪ್ರಶ್ನೆಯಲ್ಲ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹೆಸರು 1957ರಿಂದ ಮಂಗನ ಕಾಯಿಲೆಯ ವೈರಸ್ಸಿಗೆ ಅಂಟಿದೆ. ಔಷಧಗಳನ್ನು ಸೋಲಿಸುವ ಒಂದು ಕಿಣ್ವಕ್ಕೆ ನವದೆಹಲಿಯ ಹೆಸರಿಟ್ಟಾಗ ನಮ್ಮ ದೇಶದಲ್ಲಿ ಎದ್ದ ಸಿಟ್ಟು ನೆನಪಿರಬಹುದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೊಸ ರೋಗಗಳಿಗೆ ಊರು, ವ್ಯಕ್ತಿ, ಪ್ರಾಣಿಗಳ ಹೆಸರು ಬೇಡ ಎಂದು ಸಲಹೆ ಕೊಟ್ಟಿತು. ಅದು ರೋಗದ ಹೆಸರಿಗೆ ಅನ್ವಯ, ಬ್ಯಾಕ್ಟೀರಿಯಾದ ಹೆಸರಿಗಲ್ಲ. ಆದರೂ ನನ್ನನ್ನು ಕೇಳಿದರೆ, ರೋಗಿಯಿಂದ ಸಿಕ್ಕ ಬ್ಯಾಕ್ಟೀರಿಯಾಕ್ಕೆ ಅದರ ಗುಣವನ್ನು ಹೇಳುವ ಹೆಸರೇ ಚೆಂದ. ಸ್ಟ್ಯಾಫಿಲೋಕಾಕಸ್ ಎಂದರೆ ದ್ರಾಕ್ಷಿ ಗೊಂಚಲಿನಂಥ ಕಾಳುಗಳು. ಕ್ರೈಸಿಯೋಬ್ಯಾಕ್ಟೀರಿಯಂ ಎಂದರೆ ಹೊನ್ನ ಬಣ್ಣದ ಕಡ್ಡಿ. ಹೆಸರು ಕೇಳಿದರೇ ಸೂಕ್ಷ್ಮದರ್ಶಕದ ಕೆಳಗೋ ತಟ್ಟೆಯ ಮೇಲೋ ಏನು ಕಾಣುತ್ತದೆಂದು ತಿಳಿಯುತ್ತದೆ.

ಇಟ್ಟ ಹೆಸರು ಶಾಶ್ವತವೂ ಅಲ್ಲ. ಹೈದರಾಬಾದಿನಿಂದ ಇಸ್ರೊ ಹಾರಿಸಿದ ಬಲೂನು ವಾಯುಮಂಡಲದ ಎತ್ತರದಿಂದ ತಂದ ಮಾದರಿಗಳಲ್ಲಿ ಸಿಕ್ಕ ಎರಡಕ್ಕೆ 2009ರಲ್ಲಿ ಬ್ಯಾಸಿಲಸ್ ಇಸ್ರೊನೆನ್ಸಿಸ್, ಬ್ಯಾಸಿಲಸ್ ಆರ್ಯಭಟ್ಟೈ ಎಂದು ಹೆಸರಿಟ್ಟರು. ಮೊದಲನೆಯದು ಆಮೇಲೆ ಬೇರೆ ಕುಲಕ್ಕೆ ಹೋಯಿತು. ಎರಡನೆಯದು 1884ರಿಂದಲೇ ಗೊತ್ತಿದ್ದ ಮೆಗಟೇರಿಯಂ ಪ್ರಭೇದವೇ ಅಲ್ಲವೇ ಎಂಬ ವಾದ ಜೀನೋಮುಗಳ ಕಾಲದಲ್ಲಿ ಎದ್ದಿತು. ನಾಳೆ ನಿಮ್ಮ ಬ್ಯಾಕ್ಟೀರಿಯಾಕ್ಕೂ ಹೀಗಾಗಬಹುದು. ಅದರಿಂದ ಕೆಲಸ ವ್ಯರ್ಥವಾಗುವುದಿಲ್ಲ. ತಳಿ ಸಂಗ್ರಹಾಲಯದಲ್ಲಿ ಇದ್ದರೆ ಯಾರು ಬೇಕಾದರೂ ಮತ್ತೆ ನೋಡಬಹುದು.

ಸಹಿಯ ವಿಷಯದಲ್ಲಿ ನಿಮ್ಮ ಮುಂದಿರುವ ದಾರಿಗಳು. ಬ್ಯಾಕ್ಟೀರಿಯಾವನ್ನೂ ಕಾಯಿಲೆಯ ವಿವರವನ್ನೂ ಪ್ರಕಟಿಸಲು ಪೂರ್ತಿ ಒಪ್ಪಬಹುದು. ವೈದ್ಯರಿಗೆ ಇದರಿಂದ ಹೆಚ್ಚು ಉಪಯೋಗ, ಯಾಕೆಂದರೆ ಯಾವ ಔಷಧ ಸೋತಿತು, ಯಾವುದು ಗೆದ್ದಿತು ಎಂಬುದು ದಾಖಲಾಗುತ್ತದೆ. ಅಪಾಯವೆಂದರೆ, ಹೆಸರು ಬರೆಯದಿದ್ದರೂ ವಯಸ್ಸು, ಬಡಾವಣೆ, ತೋಟದ ಊರು, ಆಸ್ಪತ್ರೆ ನಾಲ್ಕೂ ಒಂದೇ ಕಡೆ ಬಂದರೆ ಗೊತ್ತಿದ್ದವರಿಗೆ ಇವರೇ ಎಂದು ತಿಳಿದುಬಿಡುತ್ತದೆ. ಎರಡನೆಯ ದಾರಿ, ಬ್ಯಾಕ್ಟೀರಿಯಾಕ್ಕೆ ಒಪ್ಪಿ ವಿವರವನ್ನು ಮಿತಿಗೊಳಿಸುವುದು. 'ಅರವತ್ತು ದಾಟಿದ, ಸಕ್ಕರೆ ಕಾಯಿಲೆಯಿರುವ ಪುರುಷ, ದಕ್ಷಿಣ ಭಾರತ' ಎಂದಷ್ಟೇ ಬರೆಯಿರಿ, ಕಾಲಿನ ಫೋಟೋ ಬೇಡ ಎಂದು ಕೇಳಬಹುದು. ನಾನು ನಿಮ್ಮ ಜಾಗದಲ್ಲಿದ್ದರೆ ಇದನ್ನೇ ಆರಿಸಿಕೊಳ್ಳುತ್ತಿದ್ದೆ. ಮೂರನೆಯದು ಬೇಡ ಎನ್ನುವುದು. ಅದು ಪೂರ್ತಿ ನಿಮ್ಮ ಹಕ್ಕು, ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ, ಯಾರಾದರೂ ಇದೆ ಎಂದರೆ ಆಸ್ಪತ್ರೆಯ ನೈತಿಕ ಸಮಿತಿಗೆ ದೂರು ಕೊಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ರೋಗಿಯ ಗುರುತು ಅಳಿಸಿದ ಉಳಿಕೆ ಮಾದರಿಗಳ ಮೇಲಿನ ಕೆಲಸಕ್ಕೆ ಒಪ್ಪಿಗೆ ಬೇಡವೆಂದು ಆ ಸಮಿತಿ ಕೆಲವೊಮ್ಮೆ ಹೇಳುವುದೂ ಉಂಟು. ನಿಮ್ಮ ಲ್ಯಾಬಿನವರು ಕೇಳಲು ಬಂದಿರುವುದು ಒಳ್ಳೆಯ ಲಕ್ಷಣ. ಮನಸ್ಸು ಬದಲಾಯಿಸುವುದಿದ್ದರೆ ಪ್ರಕಟವಾಗುವುದಕ್ಕೆ ಮೊದಲೇ ತಿಳಿಸಬೇಕು, ಆಮೇಲೆ ವಾಪಸು ತೆಗೆದುಕೊಳ್ಳಲಾಗದು. ಮತ್ತೆ, ಸಹಿ ಮಾಡಬೇಕಾದವರು ನೀವಲ್ಲ, ಮಾವನವರು. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಎಂದು ಕೇಳಿ, ಅವರೇ ಓದಲಿ.

ನೀವು ಏನೇ ನಿರ್ಧರಿಸಿದರೂ ಒಂದು ಕಾಗದ ಮಾತ್ರ ಬಿಡಬೇಡಿ. ಬ್ಯಾಕ್ಟೀರಿಯಾದ ಕುಲದ ಹೆಸರು, ಔಷಧಗಳ ಪಟ್ಟಿ, ಲ್ಯಾಬು ಅದಕ್ಕೆ ಕೊಟ್ಟ ತಳಿಸಂಖ್ಯೆ ಇರುವ ರಿಪೋರ್ಟಿನ ಪ್ರತಿ ಮಾವನವರ ಫೈಲಿನಲ್ಲಿರಲಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ, ಜ್ವರವೆಂದರೆ ಮೊದಲು ಅದನ್ನು ತೋರಿಸಿ. ತೋಟಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಅವರು ಕೇಳಲಿಕ್ಕಿಲ್ಲ. ಬೆರಳು ಮುಚ್ಚುವ ಬೂಟು ಹಾಕಿಕೊಂಡು ಹೋಗಲಿ. ಬಂದ ಮೇಲೆ ಪಾದದ ಅಡಿಯನ್ನು ಮನೆಯವರು ಯಾರಾದರೂ ಬೆಳಕಿನಲ್ಲಿ ನೋಡಿ, ಸಕ್ಕರೆ ಕಾಯಿಲೆಯಲ್ಲಿ ಮುಳ್ಳು ಚುಚ್ಚಿದ್ದು ಅವರಿಗೇ ಗೊತ್ತಾಗದೆ ಹೋಗಬಹುದು.

ಸಹಿ ಮಾಡಲು ಲ್ಯಾಬಿಗೆ ಹೋದಾಗ ಇನ್ನೊಂದು ಪ್ರಶ್ನೆ ನನ್ನ ಪರವಾಗಿ ಕೇಳಿ. ಈ ಬ್ಯಾಕ್ಟೀರಿಯಾವನ್ನು ಎಷ್ಟು ನಳಿಗೆಗಳಲ್ಲಿ, ಎಷ್ಟು ಫ್ರೀಜರುಗಳಲ್ಲಿ ಇಟ್ಟಿದ್ದೀರಿ? ಒಂದೇ ಕಡೆ ಎಂದರೆ, ಪುಣೆಗೆ ಹೋಗುವವರೆಗೆ ಕಾಯದೆ, ಇವತ್ತೇ ಇನ್ನೊಂದು ಕಟ್ಟಡದ ಫ್ರೀಜರಿನಲ್ಲೂ ಎರಡು ನಳಿಗೆ ಇಡಲು ಹೇಳಿ.